ಕುಣಿಯೋ ಟ್ಯೂನ್, ಒಳಗೆ ಹಿರೋಶಿಮಾ: ‘ಎನೋಲಾ ಗೇ’ ಹಾಡಿನಲ್ಲಿ ಇರೋದೇನು?

ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ಈ ಹೆಸರು ಗೊತ್ತೇ ಇರುತ್ತೆ. ಹಿರೋಶಿಮಾ ಮೇಲೆ ಬಿದ್ದ ಅಣುಬಾಂಬ್ ಲಿಟಲ್ ಬಾಯ್, ನಾಗಸಾಕಿ ಮೇಲೆ ಬಿದ್ದದ್ದು ಫ್ಯಾಟ್ ಮ್ಯಾನ್, ಹಿರೋಶಿಮಾಗೆ ಬಾಂಬ್ ಹೊತ್ತುಕೊಂಡು ಹೋದ ವಿಮಾನ ಎನೋಲಾ ಗೇ. ಒಂದು ಅಂಕದ ಪ್ರಶ್ನೆ. ಸರಿ ಉತ್ತರಕ್ಕೆ ಗುರುತು ಹಾಕಿ ಮುಂದಕ್ಕೆ ಹೋಗ್ತೀವಿ.

ಅದೇ ಹೆಸರನ್ನ ಯೂಟ್ಯೂಬ್‌ನಲ್ಲಿ ಟೈಪ್ ಮಾಡಿ ನೋಡಿ. ವಿಮಾನದ ಜೊತೆಗೆ ಒಂದು ಇಂಗ್ಲಿಷ್ ಹಾಡೂ ಬರುತ್ತೆ. ಟಿಕ್ ಟಿಕ್ ಅಂತ ಮಷಿನ್ ತಾಳ, ಅದರ ಮೇಲೆ ಮಕ್ಕಳ ಆಟಿಕೆಯಿಂದ ಬಂದಂಥ ಒಂದು ಸಣ್ಣ, ಸಿಹಿ ಟ್ಯೂನ್. ಎರಡು ಸಲ ಕೇಳಿದರೆ ಮೂರನೇ ಸಲಕ್ಕೆ ನೀವೇ ಗುನುಗ್ತೀರಿ. ಮದುವೆ ಡಿಜೆಯಲ್ಲಿ ಹಾಕಿದರೂ ಯಾರೂ ಬೇಡ ಅನ್ನಲ್ಲ, ಅಷ್ಟು ಲವಲವಿಕೆ ಇದೆ.

ಆದರೆ ಹಾಡು ಇರೋದು ಆ ಬಾಂಬ್ ಬಗ್ಗೆನೇ. ಲಕ್ಷಕ್ಕೂ ಹೆಚ್ಚು ಜನ ಸತ್ತ ಘಟನೆಗೆ ಇಂಥ ಟ್ಯೂನ್ ಯಾಕೆ ಹಾಕಿದರು? ಇದು ಅವಮಾನವೋ, ಶೋಕವೋ? ಈ ಹಾಡು ಕೇಳಿದವರಿಗೆಲ್ಲ ಒಂದಲ್ಲ ಒಂದು ದಿನ ಬರೋ ಪ್ರಶ್ನೆ ಇದು. ಅದಕ್ಕೇ ಸ್ವಲ್ಪ ಬಿಡಿಸಿ ನೋಡೋಣ ಅಂತ.

ಹಾಡು ಮಾಡಿದವರು ಯಾರು?

ಬ್ಯಾಂಡ್‌ನ ಹೆಸರೇ ಅರ್ಧ ಸಾಲು: ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದಿ ಡಾರ್ಕ್. ಚಿಕ್ಕದಾಗಿ ಒಎಂಡಿ. ಇಂಗ್ಲೆಂಡಿನ ಲಿವರ್‌ಪೂಲ್ ಎದುರು, ನದಿಯ ಆಚೆ ದಡದಲ್ಲಿ ವಿರಲ್ ಅನ್ನೋ ಪ್ರದೇಶ ಇದೆ. ಅಲ್ಲಿನ ಇಬ್ಬರು ಹುಡುಗರು, ಆಂಡಿ ಮೆಕ್‌ಕ್ಲಸ್ಕಿ ಮತ್ತು ಪಾಲ್ ಹಂಫ್ರೀಸ್, 1978ರಲ್ಲಿ ಶುರು ಮಾಡಿದ್ದು. ಲಿವರ್‌ಪೂಲ್ ಅಂದ್ರೆ ಬೀಟಲ್ಸ್ ಊರು, ಗಿಟಾರ್ ಊರು. ಇವರಿಗೆ ಬೇಕಾಗಿದ್ದು ಗಿಟಾರ್ ಅಲ್ಲ. 1975ರಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ಅನ್ನೋ ತಂಡ ಲಿವರ್‌ಪೂಲ್‌ಗೆ ಬಂದು ಬರೀ ಎಲೆಕ್ಟ್ರಾನಿಕ್ ಯಂತ್ರಗಳಿಂದ ಕಾರ್ಯಕ್ರಮ ಕೊಟ್ಟಿತ್ತು. ಮೆಕ್‌ಕ್ಲಸ್ಕಿ ಅದನ್ನ ನೋಡಿದ್ದರು. ತಮ್ಮ ದಾರಿ ಇದೇ ಅಂತ ಆವತ್ತೇ ತೀರ್ಮಾನ ಆಯ್ತು ಅಂತ ಅವರು ಬಹಳ ಸಂದರ್ಶನಗಳಲ್ಲಿ ಹೇಳಿದ್ದಾರೆ.

ದಾರಿ ಗೊತ್ತಾದರೂ ಕಾಸು ಬೇಕಲ್ಲ. ಸಿಂಥಸೈಜರ್ ಆಗ ಶ್ರೀಮಂತ ಬ್ಯಾಂಡ್‌ಗಳ ಸೊತ್ತು. ಇವರು ಕೊಂಡದ್ದು ಕೋರ್ಗ್ ಕಂಪನಿಯ ಮೈಕ್ರೋ ಪ್ರೀಸೆಟ್ ಅನ್ನೋ ಅಗ್ಗದ ಕೀಬೋರ್ಡ್. ಅದನ್ನೂ ಮೆಕ್‌ಕ್ಲಸ್ಕಿ ತಾಯಿಯ ಮೇಲ್ ಆರ್ಡರ್ ಕ್ಯಾಟಲಾಗ್‌ನಿಂದ, ವಾರದ ಕಂತಿನಲ್ಲಿ. ವಾರಕ್ಕೆ 8 ಪೌಂಡ್‌ಗೂ ಕಡಿಮೆ, 36 ವಾರ ಕಟ್ಟಿದರಂತೆ. ನಮ್ಮಲ್ಲಿ ಅಮ್ಮನ ಸ್ವಸಹಾಯ ಸಂಘದ ಸಾಲದಲ್ಲಿ ಮೊಬೈಲ್ ತಗೊಳ್ತಾರಲ್ಲ, ಹಾಗೇ ಅನ್ನಿ. ಆ ಕೀಬೋರ್ಡ್‌ನಲ್ಲಿ ದನಿಗಳು ಮೊದಲೇ ತುಂಬಿಸಿಟ್ಟಿರುತ್ತೆ, ಬಟನ್ ಒತ್ತಿದರೆ ಅಷ್ಟೇ ಬರುತ್ತೆ. ಆ ಸಣ್ಣ ಕೀರಲು ದನಿಯೇ ಇವರ ಮೊದಲ ದಿನಗಳ ಹಾಡುಗಳ ಗುರುತಾಯ್ತು.

ಈ ಬಗೆಯ ಸಂಗೀತಕ್ಕೆ ಸಿಂಥ್‌ಪಾಪ್ ಅಂತಾರೆ. 1976–77ರ ಹೊತ್ತಿಗೆ ಬ್ರಿಟನ್‌ನಲ್ಲಿ ಪಂಕ್ ಅಂತ ಒಂದು ಗದ್ದಲ ಎದ್ದಿತ್ತು, ಅದು ಇಳಿದ ಮೇಲೆ ಬಂದ ಹೊಸ ಹುಡುಗರ ಗುಂಪಿಗೆಲ್ಲ ಪತ್ರಿಕೆಗಳು ನ್ಯೂ ವೇವ್ ಅಂತ ಹೆಸರಿಟ್ಟವು. ಒಎಂಡಿ ಆ ಅಲೆಯದು. ಲೇಬಲ್ ಏನೇ ಇರಲಿ.

‘ಎನೋಲಾ ಗೇ’ ಸಿಂಗಲ್ ಆಗಿ ಬಂದದ್ದು 1980ರ ಸೆಪ್ಟೆಂಬರ್ 26ಕ್ಕೆ. ಬರೆದವರು ಮೆಕ್‌ಕ್ಲಸ್ಕಿ, ನಿರ್ಮಾಣ ಮೈಕ್ ಹೌಲೆಟ್ ಜೊತೆ. ‘ಆರ್ಗನೈಸೇಷನ್’ ಅನ್ನೋ ಅವರ ಎರಡನೇ ಆಲ್ಬಂನಿಂದ ಹೊರಬಂದ ಒಂದೇ ಸಿಂಗಲ್ ಇದು. ಬ್ರಿಟನ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಹೋಯ್ತು, ಇಟಲಿಯಲ್ಲಿ ನಂಬರ್ 1 ಆಯ್ತು. ಜಗತ್ತಿನಾದ್ಯಂತ 50 ಲಕ್ಷ ಪ್ರತಿ ಮಾರಾಟ ಅಂತ ಲೆಕ್ಕ ಹೇಳ್ತಾರೆ.

ಆ ಹೆಸರು ಒಬ್ಬ ತಾಯಿಯದ್ದು

ಪರೀಕ್ಷೆಯ ಗೈಡ್‌ಗಳಲ್ಲಿ ಬರೆಯದ ವಿಷಯ ಇದು. ಎನೋಲಾ ಗೇ ಅನ್ನೋದು ವಿಮಾನದ ಮಾಡೆಲ್ ಅಲ್ಲ, ಮಿಲಿಟರಿ ಕೋಡ್ ಅಲ್ಲ. ವಿಮಾನದ ಮಾಡೆಲ್ ಬಿ-29. ಎನೋಲಾ ಗೇ ಅನ್ನೋದು ಪೈಲಟ್ ಪಾಲ್ ಟಿಬೆಟ್ಸ್ ಅವರ ತಾಯಿಯ ಹೆಸರು. ಆಕೆಗೆ ಆ ಹೆಸರು ಬಂದದ್ದು ಒಂದು ಕಾದಂಬರಿಯ ನಾಯಕಿಯಿಂದ.

ಟಿಬೆಟ್ಸ್ ತಂದೆಗೆ ಮಗ ಡಾಕ್ಟರ್ ಆಗಬೇಕು ಅಂತ ಆಸೆ. ಮಗ ಕಾಲೇಜಿಗೆ ಸೇರಿ ಅದಕ್ಕೆ ಬೇಕಾದ್ದನ್ನ ಓದಿದರೂ ಅರ್ಧಕ್ಕೆ ಬಿಟ್ಟು 1937ರಲ್ಲಿ ಸೇನೆಯ ವಿಮಾನ ದಳಕ್ಕೆ ಹೋದ. ತಂದೆ ಕೂಗಾಡಿದರು. ಕೋರ್ಸ್ ಅರ್ಧಕ್ಕೆ ಬಿಟ್ಟವರ ಮನೆಯಲ್ಲಿ ಏನು ನಡೆಯುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾಯಿ ಮಾತ್ರ ಮಗನ ಪರ ನಿಂತು, ಹೋಗು, ನಿನಗೇನೂ ಆಗಲ್ಲ ಅಂದರು. ಆ ಋಣಕ್ಕೆ ಮಗ, 30 ವರ್ಷದ ಕರ್ನಲ್ ಆಗಿದ್ದಾಗ, ಬಾಂಬ್ ಹಾಕೋಕೆ ಹೊರಡೋ ಹಿಂದಿನ ದಿನ ಆಕೆಯ ಹೆಸರನ್ನ ವಿಮಾನದ ಮೂತಿಯ ಮೇಲೆ ಬರೆಸಿದ. ಆ ವಿಮಾನವನ್ನ ಮಾಮೂಲಾಗಿ ಓಡಿಸ್ತಿದ್ದ ರಾಬರ್ಟ್ ಲೂಯಿಸ್‌ಗೆ ಕೇಳಲೂ ಇಲ್ಲ. ಲೂಯಿಸ್ ಬಂದು ನೋಡಿ ಸಿಟ್ಟಾದನಂತೆ. ಆವತ್ತು ಅವನೇ ಕೋ-ಪೈಲಟ್.

1945ರ ಆಗಸ್ಟ್ 6, ಬೆಳಗಿನ ಜಾವ 2.45ಕ್ಕೆ ಪೆಸಿಫಿಕ್ ಸಾಗರದ ಟಿನಿಯನ್ ದ್ವೀಪದಿಂದ ವಿಮಾನ ಎದ್ದಿತು. ಒಳಗೆ 12 ಜನ, ಒಂದು ಬಾಂಬ್. ಹಿರೋಶಿಮಾ ಸಮಯ ಬೆಳಗ್ಗೆ 8.15ಕ್ಕೆ, ಸುಮಾರು 9,400 ಮೀಟರ್ ಎತ್ತರದಿಂದ ಬಾಂಬ್ ಬಿಟ್ಟರು. 43 ಸೆಕೆಂಡ್ ಕೆಳಗೆ ಬಿತ್ತು. ನೆಲಕ್ಕೆ ತಾಗಲಿಲ್ಲ, ಸುಮಾರು 600 ಮೀಟರ್ ಎತ್ತರದಲ್ಲೇ ಸಿಡಿಯಿತು. ಅದರಲ್ಲಿ ಇದ್ದದ್ದು 64 ಕೆ.ಜಿ.ಯಷ್ಟು ಯುರೇನಿಯಂ, ಹೊರಟ ಶಕ್ತಿ ಸುಮಾರು 15 ಸಾವಿರ ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮ. ಆ ವರ್ಷದ ಕೊನೆಯೊಳಗೆ ಸತ್ತವರು ಅಂದಾಜು 1 ಲಕ್ಷ 40 ಸಾವಿರ. ಕೋ-ಪೈಲಟ್ ಲೂಯಿಸ್ ತನ್ನ ಡೈರಿಯಲ್ಲಿ, ದೇವರೇ ನಾವು ಮಾಡಿದ್ದೇನು ಅನ್ನೋ ಅರ್ಥದ ಮಾತು ಬರೆದಿಟ್ಟ. ಟಿಬೆಟ್ಸ್ ಸಾಯೋವರೆಗೂ ಪಶ್ಚಾತ್ತಾಪ ಇಲ್ಲ ಅಂತಲೇ ಹೇಳಿದರು.

ಹಾಡಿನ ಮಾತುಗಳು ನೇರವಾಗಿ ಈ ಜಾಗಕ್ಕೇ ಬರ್ತವೆ. ಹಾಡುಗಾರ ಮಾತಾಡಿಸೋದು ಅಧ್ಯಕ್ಷನನ್ನಲ್ಲ, ಪೈಲಟ್‌ನನ್ನೂ ಅಲ್ಲ. ಎನೋಲಾ ಗೇ ಅಂತ ವಿಮಾನವನ್ನೇ ಹೆಸರು ಹಿಡಿದು ಕರೀತಾನೆ. ಸುಮ್ಮನೆ ಕೇಳಿದರೆ ಬಿಟ್ಟುಹೋದ ಹುಡುಗಿಗೆ ಹಾಡಿದ ಪ್ರೇಮಗೀತೆ ಅನಿಸುತ್ತೆ. ನೀನು ಮನೆಯಲ್ಲೇ ಇರಬಹುದಿತ್ತಲ್ಲ ಅನ್ನೋ ಧಾಟಿ. ಬಾಂಬ್ ಬೀಳೋದಕ್ಕೆ ಮುತ್ತಿನ ಹೋಲಿಕೆ. ಆಮೇಲೆ ಬಾಂಬಿನ ಹೆಸರಾದ ‘ಪುಟ್ಟ ಹುಡುಗ’ನನ್ನೂ ತಾಯಿಯನ್ನೂ ಜೊತೆಗೆ ತಂದು ಒಂದು ಪ್ರಶ್ನೆ ಹಾಕ್ತಾನೆ: ಮಗನ ಬಗ್ಗೆ ಅಮ್ಮನಿಗೆ ಈಗ ಹೆಮ್ಮೆಯೇ? ಮಗ ಅಂದ್ರೆ ಇಲ್ಲಿ ಯಾರು, ಪೈಲಟ್ ಆದ ಮಗನೋ, ಆಕೆಯ ಹೆಸರು ಹೊತ್ತ ವಿಮಾನದ ಹೊಟ್ಟೆಯಿಂದ ಹೊರಬಿದ್ದ ಬಾಂಬೋ? ಎರಡಕ್ಕೂ ಹೊಂದುತ್ತೆ. ಇಂಗ್ಲಿಷ್ ಅಷ್ಟಾಗಿ ಬರದವರೂ ಇದೊಂದು ತಿಳಿದುಕೊಂಡು ಕೇಳಿದರೆ ಹಾಡು ಪೂರ್ತಿ ಬೇರೆಯಾಗಿ ಕೇಳಿಸುತ್ತೆ.

ನಡುವೆ ಸಮಯವೂ ಬರುತ್ತೆ, ಎಂಟೂ ಕಾಲು. ಆ ಸಮಯ ಬದಲಾಗೋದೇ ಇಲ್ಲ ಅನ್ನೋ ಭಾವ. ಇದು ಬರೀ ಕವಿಯ ಕಲ್ಪನೆ ಅಲ್ಲ. 8.15ಕ್ಕೆ ನಿಂತುಹೋದ ಗಡಿಯಾರ ಹಿರೋಶಿಮಾ ಶಾಂತಿ ಮ್ಯೂಸಿಯಂನಲ್ಲಿ ಇವತ್ತಿಗೂ ಇದೆ.

ಇನ್ನೊಬ್ಬ ತಾಯಿ

ಅದೇ ಮ್ಯೂಸಿಯಂನಲ್ಲಿ ಒಂದು ಊಟದ ಡಬ್ಬಿ ಇದೆ. ಹಾಡಿನಲ್ಲಿ ಇದರ ಪ್ರಸ್ತಾಪ ಇಲ್ಲ, ಆದರೆ ಹಾಡಿನ ಆ ಪ್ರಶ್ನೆ ಕೇಳಿದ ಮೇಲೆ ಇದನ್ನ ಹೇಳದೆ ಮುಂದೆ ಹೋಗೋಕೆ ಆಗಲ್ಲ.

ಯುದ್ಧದ ಕೊನೆಯಲ್ಲಿ ಜಪಾನ್‌ನ ನಗರಗಳಲ್ಲಿ ಶಾಲಾ ಮಕ್ಕಳನ್ನೂ ಕೆಲಸಕ್ಕೆ ಹಚ್ಚಿದ್ದರು. ವೈಮಾನಿಕ ದಾಳಿಯಾದರೆ ಬೆಂಕಿ ಹಬ್ಬಬಾರದು ಅಂತ ಮರದ ಮನೆಗಳನ್ನ ಕೆಡವಿ ಖಾಲಿ ಜಾಗ ಮಾಡೋ ಕೆಲಸ. ಆಗಸ್ಟ್ 6ರ ಬೆಳಗ್ಗೆ ಹಿರೋಶಿಮಾ ನಗರದ ನಡುಭಾಗದಲ್ಲಿ ಹಾಗೆ ಕೆಲಸ ಮಾಡ್ತಿದ್ದ ಮಕ್ಕಳು ಸುಮಾರು 8 ಸಾವಿರ, ಹೆಚ್ಚಿನವರು 12–13 ವರ್ಷದವರು. ಅವರಲ್ಲಿ 6 ಸಾವಿರದಷ್ಟು ಮಕ್ಕಳು ಸತ್ತರು. ಹೈಸ್ಕೂಲ್ ಮೆಟ್ಟಿಲು ಈಗಷ್ಟೇ ಹತ್ತಿದ ವಯಸ್ಸು.

ಅವರಲ್ಲಿ ಒಬ್ಬ ಹುಡುಗನನ್ನ ಅವನ ತಾಯಿ ಹುಡುಕಿಕೊಂಡು ಹೋದರು. ಮೂರು ದಿನದ ಮೇಲೆ ದೇಹ ಸಿಕ್ಕಿತು. ಕೆಳಗೆ, ಹೊಟ್ಟೆಗೆ ಅವುಚಿಕೊಂಡಂತೆ ಊಟದ ಡಬ್ಬಿ ಇತ್ತು. ಒಳಗಿನ ಅನ್ನ ಇದ್ದಿಲಾಗಿತ್ತು. ಬೆಳಗ್ಗೆ ಡಬ್ಬಿ ಕಟ್ಟಿಕೊಟ್ಟಿದ್ದು ಆ ತಾಯಿಯೇ.

ವಿಮಾನದ ಮೂತಿಯ ಮೇಲೆ ಒಬ್ಬ ತಾಯಿಯ ಹೆಸರು, ನೆಲದ ಮೇಲೆ ಹೀಗೆ. ಎನೋಲಾ ಗೇ ಟಿಬೆಟ್ಸ್ ಅವರನ್ನ ಬೈಯೋಕೆ ಇದನ್ನ ಹೇಳ್ತಾ ಇಲ್ಲ. ಆಯಮ್ಮ ಮಗನಿಗೆ ವಿಮಾನ ಓಡಿಸು ಅಂದರೇ ಹೊರತು ಬಾಂಬ್ ಹಾಕು ಅಂದಿರಲಿಲ್ಲ. ಆಕೆಯ ಹೆಸರನ್ನ ಕೇಳಿ ಬಳಸಿದರೋ ಇಲ್ಲವೋ, ಈಗ ಆ ಹೆಸರು ಆಕೆಯದ್ದಾಗಿ ಉಳಿದಿಲ್ಲ.

ಹಾಗಾದ್ರೆ ಟ್ಯೂನ್ ಯಾಕೆ ಅಷ್ಟು ಸಿಹಿ?

ಸಂಗೀತದ ಲೆಕ್ಕದಲ್ಲಿ ಹಾಡು ತೀರಾ ಸರಳ. ನಾಲ್ಕೇ ಕಾರ್ಡ್‌ಗಳು, ಒಂದರ ಹಿಂದೆ ಒಂದು, ಶುರುವಿನಿಂದ ಕೊನೆಯವರೆಗೆ ಅದೇ ಸುತ್ತು. ಈ ನಾಲ್ಕರ ಸುತ್ತು ಹಳೇ ಅಮೆರಿಕನ್ ಪ್ರೇಮಗೀತೆಗಳ ಆಸ್ತಿ. 1961ರ ‘ಸ್ಟ್ಯಾಂಡ್ ಬೈ ಮೀ’ಯಲ್ಲೂ ಇದೇ ಸುತ್ತು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸೋ ಯಾರನ್ನಾದ್ರೂ ಕೇಳಿ, ಒಂದು, ಆರು, ನಾಲ್ಕು, ಐದು ಅಂದ್ರೆ ಕಣ್ಣು ಮುಚ್ಚಿ ಬಾರಿಸ್ತಾರೆ. ಅಂದ್ರೆ ಕಿವಿಗೆ ಇದು ಪ್ರೀತಿಯ ಹಾಡು ಅಂತ ಮೊದಲೇ ಅನಿಸಿಬಿಡುತ್ತೆ, ಮಾತು ಕೇಳೋಕೆ ಮುಂಚೆನೇ.

ಎರಡನೇದು, ಈ ಹಾಡಿಗೆ ಪಲ್ಲವಿ ಇಲ್ಲ. ಮತ್ತೆ ಮತ್ತೆ ಬಂದು ಎಲ್ಲರೂ ಜೊತೆಗೆ ಹಾಡೋ ಸಾಲು ಇರುತ್ತಲ್ಲ, ಅದು ಇಲ್ಲಿಲ್ಲ. ಆ ಜಾಗದಲ್ಲಿ ಸಿಂಥ್ ಟ್ಯೂನ್ ಬರುತ್ತೆ. ಮಾತು ಎಲ್ಲಿಗೆ ಹೋಗಿ ನಿಲ್ಲುತ್ತೋ ಅಲ್ಲಿಂದ ಟ್ಯೂನ್ ಶುರು. ನನಗೆ ಇಡೀ ಹಾಡಿನಲ್ಲಿ ಬಹಳ ಗಟ್ಟಿಯಾಗಿ ಕಾಣೋದು ಇದೇ. ಹಿರೋಶಿಮಾ ಬಗ್ಗೆ ಒಂದು ಘೋಷಣೆ ಬರೆದು ಅದನ್ನೇ ನಾಲ್ಕು ಸಲ ಕೂಗಿಸಬಹುದಿತ್ತು. ಆದರೆ ಹೇಳೋಕೆ ಮಾತಿಲ್ಲದ ಜಾಗ ಅದು, ಅಲ್ಲಿ ಮಾತು ಹಾಕಿಲ್ಲ.

ಮೂರನೇದು ತಾಳ. ರೋಲ್ಯಾಂಡ್ ಕಂಪನಿಯ ಸಿಆರ್-78 ಅನ್ನೋ ಡ್ರಮ್ ಮಷಿನ್, 1978ರಲ್ಲಿ ಮಾರುಕಟ್ಟೆಗೆ ಬಂದದ್ದು. ಜೊತೆಗೆ ಮನುಷ್ಯರು ಬಾರಿಸಿದ ಡ್ರಮ್, ಬೇಸ್ ಗಿಟಾರ್ ಎಲ್ಲ ಇದ್ದರೂ ಹಾಡಿನ ಬೆನ್ನುಮೂಳೆ ಆ ಮಷಿನ್. ಹಾಡುಗಾರನ ದನಿ ಒಡೆಯುತ್ತೆ, ಏರುತ್ತೆ, ಬೇಡಿಕೊಳ್ಳುತ್ತೆ. ಮಷಿನ್‌ಗೆ ಅದರ ಹಂಗಿಲ್ಲ. ಬಾಂಬ್ ಬಿದ್ದರೂ ಟಿಕ್ ಟಿಕ್, ಬೀಳದಿದ್ದರೂ ಟಿಕ್ ಟಿಕ್. ಪೈಲಟ್‌ಗಳು ಹೇಳೋ ಹಾಗೆ ಆವತ್ತಿನ ಹಾರಾಟವೂ ಹೀಗೇ ಇತ್ತು, ಎಲ್ಲ ಲೆಕ್ಕದ ಪ್ರಕಾರ, ಸೆಕೆಂಡ್ ಸೆಕೆಂಡ್ ಸರಿಯಾಗಿ.

ಸಾವಿನ ಜೊತೆ ಕುಣಿತ ಸೇರಿಸಬಾರದು ಅಂತ ಹೇಳೋರು ಇದ್ದಾರೆ. ಒಪ್ಪೋಕೆ ನನಗೆ ಕಷ್ಟ. ನಮ್ಮ ಕಡೆ ಹೆಣ ಎತ್ತಿದಾಗ ತಮಟೆ ಬಾರಿಸಲ್ವಾ? ಆ ಏಟಿಗೆ ಕಾಲು ಕುಣಿಯುತ್ತೆ, ಕಣ್ಣಲ್ಲಿ ನೀರೂ ಇರುತ್ತೆ. ಅದು ಅವಮಾನ ಅಂತ ಯಾರೂ ಅಂದುಕೊಳ್ಳಲ್ಲ. ಆದರೆ ವ್ಯತ್ಯಾಸ ಒಂದಿದೆ, ಅದನ್ನೂ ಹೇಳಬೇಕು. ತಮಟೆಗೆ ಕುಣಿಯೋನಿಗೆ ಸತ್ತವರು ಯಾರು ಅಂತ ಗೊತ್ತಿರುತ್ತೆ. 1980ರಲ್ಲಿ ಯುರೋಪಿನ ಡಿಸ್ಕೋಗಳಲ್ಲಿ ಈ ಹಾಡಿಗೆ ಕುಣಿದ ಎಷ್ಟೋ ಜನಕ್ಕೆ ಅದು ಗೊತ್ತಿರಲಿಲ್ಲ. ಇಂಗ್ಲಿಷ್ ಬರದ ದೇಶಗಳಲ್ಲಂತೂ ಅದೊಂದು ಹುಡುಗಿ ಹೆಸರು ಅಷ್ಟೇ.

ಬ್ಯಾಂಡ್‌ನವರೂ ಇದನ್ನ ಪ್ರತಿಭಟನೆ ಗೀತೆ ಅಂತ ಮಾರಲಿಲ್ಲ. ಮೆಕ್‌ಕ್ಲಸ್ಕಿಗೆ ಚಿಕ್ಕಂದಿನಿಂದ ಎರಡನೇ ಮಹಾಯುದ್ಧದ ವಿಮಾನಗಳ ಹುಚ್ಚು, ಹಾಡು ಹುಟ್ಟಿದ್ದೇ ಅದರಿಂದ. ಬಾಂಬ್ ಹಾಕಿದ್ದು ಸರಿಯೋ ತಪ್ಪೋ ಅಂತ ತೀರ್ಪು ಕೊಡದೆ, ಆ ಗೊಂದಲವನ್ನೇ ಹಾಡಾಗಿಸಿದ್ದು ಅಂತ ಅವರು ಆಮೇಲೆ ವಿವರಿಸಿದ್ದಾರೆ. ಕೇಳಿದರೆ ನನಗಂತೂ ತೀರ್ಪು ಕೇಳಿಸುತ್ತೆ. ಮನೆಯಲ್ಲೇ ಇರಬೇಕಿತ್ತು ಅಂತ ವಿಮಾನಕ್ಕೆ ಹೇಳೋದು ತೀರ್ಪಲ್ಲದೆ ಇನ್ನೇನು?

ಹಾಡು ಬಂದ ಹೊತ್ತೂ ಹಾಗಿತ್ತು. 1979ರ ಡಿಸೆಂಬರ್‌ನಲ್ಲಿ ನೇಟೋ ಪಶ್ಚಿಮ ಯುರೋಪಿನಲ್ಲಿ ಅಮೆರಿಕದ ಹೊಸ ಅಣ್ವಸ್ತ್ರ ಕ್ಷಿಪಣಿಗಳನ್ನ ಇಡೋಕೆ ನಿರ್ಧರಿಸಿತ್ತು. ಅದೇ ತಿಂಗಳು ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. 1980ರಲ್ಲಿ ಬ್ರಿಟಿಷ್ ಸರ್ಕಾರ, ಅಣುಬಾಂಬ್ ಬಿದ್ದರೆ ಮನೆಯಲ್ಲಿ ಹೇಗೆ ಬದುಕಬೇಕು ಅಂತ ‘ಪ್ರೊಟೆಕ್ಟ್ ಅಂಡ್ ಸರ್ವೈವ್’ ಅನ್ನೋ ಕಿರುಪುಸ್ತಕ ಮಾರಾಟಕ್ಕಿಟ್ಟಿತು. ಬಾಗಿಲು ಕಿತ್ತು ಗೋಡೆಗೆ ಓರೆಯಾಗಿ ನಿಲ್ಲಿಸಿ ಅದರಡಿ ಮಲಗಿ ಅಂತೆಲ್ಲ ಅದರಲ್ಲಿ ಸಲಹೆ. ಹಾಡು ಬಂದು ಒಂದು ತಿಂಗಳಿಗೆ, ಅಕ್ಟೋಬರ್ 26ಕ್ಕೆ, ಲಂಡನ್‌ನಲ್ಲಿ ಅಣ್ವಸ್ತ್ರ ವಿರೋಧಿಗಳ ದೊಡ್ಡ ಮೆರವಣಿಗೆ. 35 ವರ್ಷ ಹಳೇ ಬಾಂಬಿನ ಹಾಡು ಆವತ್ತಿನ ಮಟ್ಟಿಗೆ ಹಳೇದಾಗಿರಲಿಲ್ಲ.

‘ಗೇ’ ಅನ್ನೋ ಪದದ ಪಾಡು

ಇನ್ನೊಂದು ವಿಚಿತ್ರ ಕಥೆ. ಬಿಬಿಸಿಯಲ್ಲಿ ‘ಸ್ವಾಪ್ ಶಾಪ್’ ಅಂತ ಶನಿವಾರ ಬೆಳಗ್ಗೆ ಮಕ್ಕಳ ಕಾರ್ಯಕ್ರಮ ಬರ್ತಿತ್ತು. ಆ ಕಾರ್ಯಕ್ರಮದವರು ಈ ಹಾಡು ಬೇಡ ಅಂದರು ಅಂತ ವರದಿಯಾಗಿದೆ. ಬಾಂಬ್ ಕಾರಣಕ್ಕಲ್ಲ. ಹೆಸರಿನಲ್ಲಿ ‘ಗೇ’ ಇದೆ, ಸಲಿಂಗಿಗಳ ವಿಷಯ ಇರಬೇಕು ಅಂತ ಅನುಮಾನ. ಇದ್ದಿದ್ದರೂ ಏನು ತಪ್ಪಿತ್ತು ಅನ್ನೋದು ಬೇರೆ ಮಾತು. ಲಕ್ಷಾಂತರ ಜನರ ಸಾವು ಯಾರಿಗೂ ಅಡ್ಡಿಯಾಗಲಿಲ್ಲ, ಮೂರು ಅಕ್ಷರದ ಒಂದು ಇಂಗ್ಲಿಷ್ ಪದ ಅಡ್ಡಿಯಾಯ್ತು.

ಆ ಕಾಲ ಹಾಗಿತ್ತು ಬಿಡಿ ಅನ್ನೋ ಹಾಗೂ ಇಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ, ವೈವಿಧ್ಯ ಮತ್ತು ಒಳಗೊಳ್ಳುವಿಕೆಗೆ ಸಂಬಂಧಿಸಿದ ವಿಷಯಗಳನ್ನ ತನ್ನ ವೆಬ್‌ಸೈಟ್‌ಗಳಿಂದ ತೆಗೆಯೋಕೆ ಹೊರಟಾಗ, ಅಳಿಸಬೇಕು ಅಂತ ಗುರುತು ಹಾಕಿದ 26 ಸಾವಿರಕ್ಕೂ ಹೆಚ್ಚು ಚಿತ್ರಗಳ ಪಟ್ಟಿ ಎಪಿ ಸುದ್ದಿಸಂಸ್ಥೆಗೆ ಸಿಕ್ಕಿತು. ಅದರಲ್ಲಿ ಈ ವಿಮಾನದ ಫೋಟೋಗಳೂ ಇದ್ದವು. ಕಾರಣ ಅದೇ ಪದ ಇರಬೇಕು ಅಂತ ಎಪಿ ಬರೆಯಿತು. 1980ರಲ್ಲಿ ಟಿವಿಯವರು, 45 ವರ್ಷದ ಮೇಲೆ ವಿಮಾನದ ಹಿಂದಿನ ಮಾಲೀಕರೇ.

ವಿಮಾನ ಈಗಲೂ ಇದೆ. 1995ರಲ್ಲಿ, ಬಾಂಬ್ ಬಿದ್ದು 50 ವರ್ಷ ಆದಾಗ, ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂನವರು ಅದರ ಮುಂಭಾಗವನ್ನ ಪ್ರದರ್ಶನಕ್ಕಿಟ್ಟು, ಜೊತೆಗೆ ಹಿರೋಶಿಮಾದಲ್ಲಿ ಏನಾಯ್ತು ಅನ್ನೋದನ್ನೂ ತೋರಿಸೋಕೆ ಹೊರಟಿದ್ದರು. ಮಾಜಿ ಸೈನಿಕರ ಸಂಘಗಳು, ಸಂಸದರು ಗಲಾಟೆ ಎಬ್ಬಿಸಿದರು. ಯೋಜನೆ ಕೈಬಿಟ್ಟು ವಿಮಾನವನ್ನ ಮಾತ್ರ ಇಟ್ಟರು, ಮ್ಯೂಸಿಯಂ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಡಬೇಕಾಯ್ತು. 2003ರಿಂದ ಪೂರ್ತಿ ವಿಮಾನ, ಫಳಫಳ ಹೊಳೆಯೋ ಹಾಗೆ ಪಾಲಿಶ್ ಆಗಿ, ವರ್ಜೀನಿಯಾದ ಚಾಂಟಿಲಿಯಲ್ಲಿ ಅದೇ ಸಂಸ್ಥೆಯ ಇನ್ನೊಂದು ಮ್ಯೂಸಿಯಂನಲ್ಲಿದೆ. ಮೂತಿಯ ಮೇಲೆ ಹೆಸರೂ ಹಾಗೇ ಇದೆ. ಟಿಬೆಟ್ಸ್ 2007ರಲ್ಲಿ 92ನೇ ವಯಸ್ಸಿಗೆ ತೀರಿಕೊಂಡರು. ತನಗೆ ಸಮಾಧಿ ಬೇಡ, ಕಲ್ಲು ನೆಟ್ಟರೆ ವಿರೋಧಿಗಳು ಅಲ್ಲಿಗೆ ಬಂದು ಪ್ರತಿಭಟನೆ ಮಾಡ್ತಾರೆ ಅಂತ ಹೇಳಿಟ್ಟಿದ್ದರು. ಬೂದಿಯನ್ನ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಚೆಲ್ಲಿದರು.

ಒಎಂಡಿ ನಡುವೆ ಒಡೆದು, 2006ರಲ್ಲಿ ಹಳೇ ಸದಸ್ಯರೆಲ್ಲ ಮತ್ತೆ ಸೇರಿದರು. ಈಗಲೂ ಅವರ ಕಾರ್ಯಕ್ರಮಗಳಲ್ಲಿ ಈ ಹಾಡು ಬಂದೇ ಬರುತ್ತೆ, ಆ ಕೀರಲು ಟ್ಯೂನ್ ಶುರುವಾದ ಕೂಡಲೇ ಜನ ಎದ್ದು ಕುಣೀತಾರೆ.

ಕೇಳೋದಾದ್ರೆ ರೀಮಿಕ್ಸ್ ಬೇಡ, 1980ರ ಮೂಲ ಹಾಡನ್ನೇ ಹುಡುಕಿ. ಮೂರೂವರೆ ನಿಮಿಷ ಅಷ್ಟೇ. ಇಯರ್‌ಫೋನ್ ಹಾಕಿಕೊಂಡು, ಒಂದು ಸಲ ಹಾಡುಗಾರನ ದನಿ ಬಿಟ್ಟು ಆ ಮಷಿನ್ ತಾಳವನ್ನ ಮಾತ್ರ ಹಿಂಬಾಲಿಸಿ ನೋಡಿ.